ಪ್ರಾರ್ಥನೆಯ ಹೊತ್ತಿನ ಬೆಳಕು

ಗಿಣಿಗೆ ಕನ್ನಡಕ ಇರಲಿಲ್ಲ. ಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ಹೊಳೆಯಲು ದಾರಿಯೂ ಇರಲಿಲ್ಲ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹತ್ತು ವರ್ಷದ ಅವಳಿಗೂ ಏಳು ವರ್ಷದ ತಂಗಿಗೂ ಅಡುಗೆಮನೆಯ ಮೇಜೇ ಶಾಲೆ, ಅಮ್ಮನೇ ಟೀಚರು. ಸ್ಲೇಟು, ಪುಸ್ತಕ ಎಲ್ಲ ಮೂಗಿನಿಂದ ಒಂದು ಗೇಣು ದೂರ. ದೂರದಲ್ಲಿ ಬರೆದದ್ದನ್ನು ಓದುವ ಪ್ರಸಂಗವೇ ಆ ಮನೆಯಲ್ಲಿ ಬರುತ್ತಿರಲಿಲ್ಲ. ಎಲ್ಲರೂ, ಎಲ್ಲವೂ ಹತ್ತಿರವೇ. ಅದೇ ಅವರ ಹೆಮ್ಮೆ.

ಹೆಮ್ಮೆಪಡುವಂಥದ್ದೇ, ಸುಳ್ಳಲ್ಲ. ಅಪ್ಪ ಪುಸ್ತಕಗಳಿಗೆ ಬೈಂಡ್ ಹಾಕುವವನು. ಮುಂದಿನ ಕೋಣೆಯಲ್ಲಿ ಪುಸ್ತಕ ಒತ್ತುವ ಅವನ ಪ್ರೆಸ್ಸು, ಗೋಂದಿನ ಡಬ್ಬಿ, ರಟ್ಟು, ಸೂಜಿದಾರ. ಬೆಳಿಗ್ಗೆ ಹನ್ನೊಂದಕ್ಕೆ ಕೈ ತೊಳೆದು ಒಳಗೆ ಬರುತ್ತಿದ್ದ. ಗೋಂದು ಒಣಗುವ ಹೊತ್ತು ಮಕ್ಕಳ ಹೊತ್ತು. ನಾಲ್ವರೂ ಮೇಜಿನ ಸುತ್ತ ಕೂತು ಬೈಬಲಿನ ಒಂದು ಅಧ್ಯಾಯ ಓದುವುದು, ಒಂದು ಹಾಡು, ಕಣ್ಣು ಮುಚ್ಚಿ ಪ್ರಾರ್ಥನೆ, ಆಮೇಲೆ ಆಟ. ಅಪ್ಪ ಒಂದು ವಚನದ ಅರ್ಧ ಹೇಳಿ ನಿಲ್ಲಿಸುತ್ತಿದ್ದ. ಉಳಿದರ್ಧ ಮೊದಲು ಹೇಳಿದವರಿಗೆ ಅವತ್ತು ಪ್ರೆಸ್ಸಿನ ಹಿಡಿ ತಿರುಗಿಸುವ ಹಕ್ಕು. ದಿನವೂ ದೊಡ್ಡವಳೇ ಗೆಲ್ಲುತ್ತಿದ್ದಳು. ಒಮ್ಮೆ ಕಿವಿಗೆ ಬಿದ್ದರೆ ಸಾಕು, ಅಚ್ಚೊತ್ತಿದ ಹಾಗೆ. ಗಿಣಿ ಎಂಬ ಹೆಸರು ಬಂದದ್ದು ಹಾಗೆ. ತಂಗಿ ಸೋತಾಗಲೆಲ್ಲ ನೆಲಕ್ಕೆ ಕಾಲು ಬಡಿಯುತ್ತಿದ್ದಳು. ಅವಳ ಹೆಸರು ಮೆಣಸು.

“ಇವಳದ್ದು ಮೋಸ ಅಪ್ಪ! ಪುಸ್ತಕ ನೋಡೋದೇ ಇಲ್ಲ, ಸುಮ್ನೆ ಓದೋ ಥರ ಮಾಡ್ತಾಳೆ.”

“ನೋಡದೆ ಹೇಳಿದ್ರೆ ಮೋಸಾನೇನೆ? ನೋಡ್ಕೊಂಡು ಹೇಳಿದ್ರೆ ಮೋಸ,” ಎಂದು ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಮೆಣಸು ಹೇಳಿದ್ದು ನಿಜವಾಗಿತ್ತು. ಆದರೆ ಏಳು ವರ್ಷದವಳ ದೂರು ಯಾರು ಕೇಳುತ್ತಾರೆ?

ಒಂದು ಮಂಗಳವಾರ ಆಮೆನ್ ಆದ ಮೇಲೂ ಗಿಣಿ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು.

“ಏಳಮ್ಮ, ದೇವರಿಗೂ ಸ್ವಲ್ಪ ಬಿಡುವು ಬೇಕು,” ಎಂದ ಅಪ್ಪ.

“ಬೆಳಕು ಬಂತು ಅಪ್ಪ.”

“ಎಲ್ಲಿಂದ?”

“ಕಣ್ಣೊಳಗೆ. ಈ ಪಕ್ಕ. ಬೆಳ್ಳಗೆ, ಮಿಂಚಿದ ಹಾಗೆ.” ಎಡಗಣ್ಣಿನ ಅಂಚಿಗೆ ಬೆರಳಿಟ್ಟು ತೋರಿಸಿದಳು.

ಬೇರೆ ಮನೆಯಾಗಿದ್ದರೆ ಕಣ್ಣು ತೊಳೆದುಕೊಂಡು ಬಾ ಎನ್ನುತ್ತಿದ್ದರು, ಇಲ್ಲವೇ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು. ಇಲ್ಲಿ ಅಪ್ಪನ ನಗು ನಿಂತಿತು. ಅಮ್ಮನ ಕಣ್ಣು ತುಂಬಿತು. ತಾನು ಹೇಳಿಕೊಟ್ಟು ಅಲ್ಲ, ದೇವರೇ ನೇರವಾಗಿ ತನ್ನ ಮಕ್ಕಳಿಗೆ ಕಾಣಿಸಿಕೊಳ್ಳಲಿ ಎಂದು ಅವಳು ವರ್ಷಗಟ್ಟಲೆ ಬೇಡಿಕೊಂಡಿದ್ದಳು.

“ಹೆದರಿಕೆ ಆಯ್ತಾ ಕಂದಾ?”

“ಇಲ್ಲ.”

“ಕೇಳಿದ್ರಾ?” ಅಮ್ಮ ಗಂಡನ ಕಡೆ ತಿರುಗಿದಳು. “ಕೆಟ್ಟದ್ದಾಗಿದ್ರೆ ಹೆದರಿಕೆ ಆಗ್ತಿತ್ತು. ಯೇಸುವೇ, ನಿನಗೆ ಸ್ತೋತ್ರ.”

ಮರುದಿನವೂ ಬೆಳಕು ಬಂತು. ಅದರ ಮರುದಿನವೂ. ಅಪ್ಪ ಅಂಗೈಯಗಲದ ಪುಸ್ತಕವೊಂದನ್ನು ಹೊಲಿದು, ಬೂದು ಬಟ್ಟೆಯ ರಟ್ಟು ಹಾಕಿ ಕೊಟ್ಟ. ಬೆಳಕು ಬಂದ ತಾರೀಕನ್ನು ಅಮ್ಮ ಅದರಲ್ಲಿ ದುಂಡಗೆ ಬರೆದಿಟ್ಟಳು. ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಗಿಣಿ ಅಂದದ್ದೇ ತಡ, ಕಿಟಕಿಗೆ ದಪ್ಪ ಹೊದಿಕೆ ಬಿತ್ತು. ಕಾಲು ಗಂಟೆಯ ಪ್ರಾರ್ಥನೆ ಒಂದು ಗಂಟೆಯಾಯಿತು. ಬೈಂಡಿಗೆ ಕಾದಿದ್ದ ಪುಸ್ತಕಗಳು ಕಾಯುತ್ತಲೇ ಇದ್ದವು, ಗಿರಾಕಿ ಬಂದು ಬಾಗಿಲು ಬಡಿದರೂ ಅಪ್ಪ ಏಳಲಿಲ್ಲ. ಆ ದಿನಗಳಷ್ಟು ಸುಖ ಆ ಮನೆ ಮೊದಲು ಕಂಡಿರಲಿಲ್ಲ. ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ಕತ್ತಲಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಕೂರುತ್ತಿದ್ದರು. ನಡುವೆ ಗಿಣಿ.

ಹತ್ತನೆಯ ದಿನ ಬೆಳಕು ಬರಲಿಲ್ಲ.

“ಬಂತಾ?” ಅಮ್ಮ ಪಿಸುಗುಟ್ಟಿದಳು. ಪೆನ್ನು ಆಗಲೇ ಕೈಯಲ್ಲಿತ್ತು.

“ಹ್ಞೂಂ,” ಎಂದಳು ಗಿಣಿ.

ಅವಳು ಹೇಳಿದ ಮೊದಲ ಸುಳ್ಳು ಅದು. ಸಂಜೆ ಅಂಗಳದಲ್ಲಿ ನಿಂತಾಗ ಎಡಗಣ್ಣಿನಲ್ಲಿ, ಮೂಗಿನ ಪಕ್ಕ, ಕೆಳಗಿನಿಂದ ಬೂದಿ ಬಣ್ಣದ್ದೇನೋ ಏಳುತ್ತಿರುವುದು ಕಂಡಿತು. ಉಜ್ಜಿದರೆ ಹೋಗಲಿಲ್ಲ. ಸುಳ್ಳಿಗೆ ಶಿಕ್ಷೆ ಎಂದು ಅವಳಿಗೆ ತಕ್ಷಣ ಗೊತ್ತಾಯಿತು. ಕೇಳುವುದಕ್ಕೆ ಬೇರೆ ಯಾರಿದ್ದರು? ಹೇಳಿದರೆ ಸುಳ್ಳು ಬಯಲಾಗುತ್ತದೆ, ಪುಸ್ತಕ ಮುಚ್ಚುತ್ತದೆ, ಕಿಟಕಿಯ ಹೊದಿಕೆ ಕಳಚುತ್ತದೆ, ಅಮ್ಮನ ಮುಖ ಮೊದಲಿನ ಹಾಗೆ ದಣಿದದ್ದಾಗುತ್ತದೆ. ಮರುದಿನವೂ ಹ್ಞೂಂ ಎಂದಳು.

ಬೂದಿ ದಿನಕ್ಕಿಷ್ಟು ಏರಿತು. ಬಲಗಣ್ಣು ಮುಚ್ಚಿ ನೋಡಿದರೆ ಮೊದಲು ಅಪ್ಪನ ಗದ್ದ ಇರಲಿಲ್ಲ, ಆಮೇಲೆ ಬಾಯಿ ಇರಲಿಲ್ಲ, ಒಂದು ದಿನ ಅಪ್ಪನೇ ಇರಲಿಲ್ಲ. ಅವಳು ಬಗ್ಗಿಸುತ್ತಿದ್ದ ಹಾಲು ಲೋಟದ ಪಕ್ಕದಲ್ಲಿ ಬಿತ್ತು.

“ಮನಸ್ಸು ಮೇಲಿದ್ರೆ ಹಾಲು ಕೆಳಗೇ ಬೀಳೋದು,” ಎಂದು ಅಮ್ಮ ನಗುತ್ತಲೇ ಒರೆಸಿದಳು. ಬೈಯಲಿಲ್ಲ. ಬೈದಿದ್ದರೆ ಗಿಣಿ ಅತ್ತು ಎಲ್ಲ ಹೇಳಿಬಿಡುತ್ತಿದ್ದಳೇನೋ.

ಕಂಡುಹಿಡಿದದ್ದು ಮೆಣಸು. ಅಕ್ಕನ ಎಡಕ್ಕೆ ನಿಂತು ನಾಲಿಗೆ ಚಾಚಿದಳು, ಕೋರೆಹಲ್ಲು ತೋರಿಸಿದಳು, ಕೊನೆಗೆ ಕಣ್ಣಿನ ಮುಂದೆಯೇ ಮುಷ್ಟಿ ತಂದಳು. ಅಕ್ಕನ ರೆಪ್ಪೆ ಮಿಸುಕಲಿಲ್ಲ.

“ಅಮ್ಮಾ, ಇವಳ ಈ ಕಣ್ಣು ಸತ್ತುಹೋಗಿದೆ!”

“ಬಿಡ್ತು ಅನ್ನು! ಎಂಥ ಮಾತೇ ಅದು?”

ಅಪ್ಪ ಗೋಂದಿನ ಕೈಯಲ್ಲೇ ಬಂದ. ಮಗಳ ಬಲಗಣ್ಣಿನ ಮೇಲೆ ಅಮ್ಮನ ಅಂಗೈ ಇಡಿಸಿ, “ಎಷ್ಟು ಬೆರಳು ಪುಟ್ಟಾ?” ಎಂದ.

“ಮೂರು,” ಎಂದಳು ಗಿಣಿ.

ಅಪ್ಪ ಬೆರಳು ತೋರಿಸಿಯೇ ಇರಲಿಲ್ಲ. ಎರಡೂ ಕೈ ಬೆನ್ನ ಹಿಂದಿದ್ದವು.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಮ್ಮ ಬಹಳ ಹೊತ್ತು ದೀಪ ಬಿಟ್ಟು ನೋಡಿದಳು. ಆಮೇಲೆ ಗಿಣಿಯನ್ನು ಗೋಡೆಯ ಮೇಲಿನ ಅಕ್ಷರಗಳ ಮುಂದೆ ಕೂರಿಸಿ ಬಲಗಣ್ಣಿನಿಂದ ಓದಿಸಿದಳು. ಎಲ್ಲಕ್ಕಿಂತ ದೊಡ್ಡ ಅಕ್ಷರವೂ ಗಿಣಿಗೆ ಸಿಗಲಿಲ್ಲ.

“ಇಷ್ಟು ಪವರ್ ಇಟ್ಕೊಂಡು ಕನ್ನಡಕ ಇಲ್ದೆ ಹೇಗಮ್ಮಾ ಓದ್ತಿದ್ದೆ?”

“ಕೇಳಿಸ್ಕೊಂಡು.”

“ಇಂಥ ಕಣ್ಣಲ್ಲಿ ಒಳಪರದೆ ಹರಿದು ಕಳಚಿಕೊಳ್ಳೋದುಂಟು. ಹರಿಯೋ ಮುಂಚೆ ಮಿಂಚುತ್ತೆ. ಮಿಂಚಿತ್ತಾ? ಯಾವಾಗಿಂದ?”

ಅಮ್ಮ ಚೀಲದಿಂದ ಬೂದು ಪುಸ್ತಕ ತೆಗೆದು ಕೊಟ್ಟಳು. ಡಾಕ್ಟರಮ್ಮ ಹಾಳೆ ತಿರುವುತ್ತಾ ಹೋದಳು. ಅವಳ ಹುಬ್ಬು ಗಂಟಿಕ್ಕಿತು.

“ಇಪ್ಪತ್ತೊಂದು ದಿನ. ಒಂದು ದಿನಾನೂ ಬಿಡದೆ ಬರೆದಿದ್ದೀರಿ. ಬರೆದಿಟ್ಟು ಏನು ಮಾಡ್ತಾ ಇದ್ರಿ?”

 

“ಕೊನೇ ಹನ್ನೆರಡು ಸುಳ್ಳು,” ಎಂದಳು ಗಿಣಿ. “ಅವು ನಾನು ಹೇಳಿದ್ದು. ಬೆಳಕು ಬಂದಿದ್ದು ಒಂಬತ್ತೇ ದಿನ. ಆಮೇಲೆ ಬರೀ ಕತ್ತಲೆ.”

ಅಮ್ಮ ಅವಳನ್ನು ಎಳೆದು ಅಪ್ಪಿಕೊಂಡಳು. ಗಿಣಿ ಅದನ್ನು ಕ್ಷಮೆ ಎಂದುಕೊಂಡಳು. ಕ್ಷಮೆ ಬೇಕಾಗಿದ್ದದ್ದು ಯಾರಿಗೆ ಎಂದು ಆ ಕೋಣೆಯಲ್ಲಿದ್ದ ದೊಡ್ಡವರಿಗೆ ಗೊತ್ತಿತ್ತು.

“ಮೊದಲ ವಾರ ಬಂದಿದ್ರೆ ಕೂತಲ್ಲೇ ಮುಗಿಸಬಹುದಾದ ಕೆಲಸ,” ಎಂದು ಡಾಕ್ಟರಮ್ಮ ಪುಸ್ತಕ ವಾಪಸು ಕೊಟ್ಟಳು. “ಈಗ ನೋಡೋಣ.”

ಎಡಗಣ್ಣಿಗೆ ಎರಡು ಸಲ ಆಪರೇಷನ್ ಆಯಿತು. ಬಲಗಣ್ಣಿನ ಒಳಪರದೆಯಲ್ಲೂ ಎರಡು ತೂತು ಸಿಕ್ಕಿ, ಅವನ್ನು ಮುಚ್ಚಿದರು. ಹೋದದ್ದು ಇಷ್ಟು: ಎಡಗಣ್ಣು ಪೂರ್ತಿ, ಬಲಗಣ್ಣಿನ ಅಂಚಿನಲ್ಲಿ ಎರಡು ಬೆರಳಗಲದ ನೋಟ.