ಕಡುಹಸಿರು

ಅಳತೆಯ ದಿನ ತಾನು ಕೇಳಿದ ಪ್ರಶ್ನೆಯೇ ತಪ್ಪೋ, ದೊಡ್ಡಪ್ಪ ಕೊಟ್ಟ ಉತ್ತರ ತಪ್ಪೋ? ಸಿರೊಂಕಾ ಜೀಪಿನ ಬಾಗಿಲು ತೆಗೆದು, ಇಳಿಯದೆ ಕೂತಿದ್ದ. ನಾರೊಕ್ ಸೀಮೆಯ ಕಾಪಿಟ್ಟ ನೆಲವನ್ನೆಲ್ಲ ಅಳೆದು, ಸರ್ಕಾರದ್ದು ಯಾವುದು, ಖಾಸಗಿಯವರದು ಯಾವುದು, ಎಲ್ಲಿ ಎಷ್ಟು ನಿರ್ಬಂಧ ಎಂದು ನಕಾಶೆಯಲ್ಲಿ ಬಣ್ಣ ತುಂಬುವುದು ಮೂರು ವರ್ಷದಿಂದ ಅವನ ಕೆಲಸ. ದೊಡ್ಡಪ್ಪನ ನೆಲವಿದ್ದ ಈ ಹಾಳೆ ಕಚೇರಿಯಿಂದ ನಾಲ್ಕು ಸಲ ವಾಪಸು ಬಂದಿತ್ತು. ಐದನೆಯ ಸಲಕ್ಕೆ ಅವನಲ್ಲಿ ಕಸುವಿರಲಿಲ್ಲ.

ಅಳೆಯಲು ಬಂದಾಗ ಮಳೆಗಾಲ. ದೊಡ್ಡಪ್ಪನ ಮುಳ್ಳುಬೇಲಿಯೊಳಗೆ ಮೊಣಕಾಲೆತ್ತರ ಹುಲ್ಲು. "ಇಲ್ಲಿ ಮೇಯಿಸ್ತೀರಾ?" ಎಂದು ನಮೂನೆಯಲ್ಲಿದ್ದಂತೆ ಕೇಳಿದ್ದ.

"ಒಂದು ಮೇಕೆನೂ ಬಿಡಲ್ಲ," ಎಂದಿದ್ದರು ದೊಡ್ಡಪ್ಪ ಮೆಪುಕೊರಿ, ಎದೆಯುಬ್ಬಿಸಿ.

ಅದು ಒಲೊಕೆರಿ, ಬೇಸಗೆಗೆಂದು ಕರುಗಳಿಗೆ ಎತ್ತಿಟ್ಟ ಹುಲ್ಲು. ಸಿರೊಂಕಾ ತಾನೇ ಅಲ್ಲಿ ಕರು ಕಾದವನು. ಆದರೆ ಮಳೆ ಸುರಿಯುವಾಗ ಬೇಸಗೆಯ ಹೆಸರೆತ್ತುವುದು ಅವರ ಮನೆತನದಲ್ಲಿ ಅಪಶಕುನ. ಅವರು ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಮೇಯಿಸುವುದಿಲ್ಲ ಎಂದು ಬರೆದುಕೊಂಡು ಕಡುಹಸಿರು ಬಳಿದ. ಕಡುಹಸಿರೆಂದರೆ ದನ ಎಂದಿಗೂ ಕಾಲಿಡಬಾರದ ನೆಲ; ಬೇಸಗೆಯಲ್ಲಿ ಮೇಯಿಸಬಹುದಾದದ್ದು ಹಳದಿ. ಇವತ್ತು ದೊಡ್ಡಪ್ಪನ ಹೆಬ್ಬೆಟ್ಟು ಬಿದ್ದರೆ ಮುಂದಿನ ತಿಂಗಳು ದನ ತಡೆಯಲು ಕಾವಲಿನವರು ಬರುತ್ತಾರೆ.

"ಇಳಿಯೋ, ಕಾಗದದ ಗಂಡೇ! ಸೀಟಿಗೆ ಅಂಟ್ಕೊಂಡ್ಯಾ?"

ದೊಡ್ಡಪ್ಪ ಕೋಲೂರಿಕೊಂಡು ಬಂದರು. ಹಿಂದೆ ಪಕ್ಕೆಲುಬು ಎದ್ದ ಕರುಗಳು, ಬೇಲಿಯತ್ತ ಮೂಗು ಚಾಚಿ. ಮಳೆ ನಿಂತು ನಾಲ್ಕು ತಿಂಗಳಾಗಿತ್ತು.

ಸಿರೊಂಕಾ ಬಾನೆಟ್ಟಿನ ಮೇಲೆ ನಕಾಶೆ ಹರಡಿದ.

"ನಮ್ದು ಯಾವ್ದೋ?"

"ಇದು, ದೊಡ್ಡಪ್ಪ."

"ಇಷ್ಟು ಹಸಿರಾ! ಆ ಪಕ್ಕದ ಬೇಲಿ, ಸೈಟೆವುಂದು ನೋಡು, ಹಳದಿ. ಹೊಟ್ಟೆ ಉರ್ಕೊಂಡು ಸಾಯ್ತಾನೆ ಮುದುಕ."

"ದೊಡ್ಡಪ್ಪ, ಈ ಬಣ್ಣ ಅಂದ್ರೆ..."

"ಬಣ್ಣ ನಂಗೆ ಹೇಳ್ಕೊಡ್ತೀಯಾ? ನೂರು ಹಸುನ ಬಣ್ಣದಲ್ಲೇ ಗುರುತಿಟ್ಟೋನು ಕಣೋ ನಾನು. ತೆಗಿ ಇಂಕು."

ಹಾಳೆ ಹಿಂದಕ್ಕೆ ಕಳಿಸಿದರೆ ಮತ್ತೆ ಅದೇ ನಮೂನೆ, ಅದೇ ಮೇಜು, ಅದೇ ಬೈಗುಳ. ಅವನು ಇಂಕಿನ ಡಬ್ಬಿ ತೆರೆದ.

ದೊಡ್ಡಪ್ಪ ಹೆಬ್ಬೆಟ್ಟೊತ್ತಿ, ಉಳಿದ ಮಸಿಯನ್ನು ಒಂದು ಬಿಳಿ ಕರುವಿನ ಬೆನ್ನಿಗೆ ಒರೆಸಿದರು. ಆಮೇಲೆ ಬೇಲಿಯ ಮುಳ್ಳುಕಂಟಿ ಎಳೆದು ಬದಿಗಿಟ್ಟರು. ಕರುಗಳು ಒಂದನ್ನೊಂದು ನೂಕಿಕೊಂಡು ಒಳನುಗ್ಗಿದವು. ಹುಲ್ಲು ಕೀಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಮುಂದಿನ ತಿಂಗಳು ಬಾರೋ. ಅಷ್ಟರಲ್ಲಿ ಮೈ ತುಂಬ್ಕೊಂಡಿರ್ತವೆ, ನೋಡುವಿಯಂತೆ."

"ಆಗ್ಲಿ, ದೊಡ್ಡಪ್ಪ."

ಮಸಿ ಆರುವ ತನಕ ಕಾದು, ಸಿರೊಂಕಾ ನಕಾಶೆ ಸುತ್ತಿದ. ಮುಂದಿನ ತಿಂಗಳಿಂದ ಆ ಕರುಗಳು ಅಲ್ಲಿ ಮೇಯುವಂತಿಲ್ಲ ಎಂಬುದನ್ನು ಅವನು ದೊಡ್ಡಪ್ಪನಿಗೆ ಹೇಳಲೇ ಇಲ್ಲ.