ಬಾಂಡ್ಲಿ ಕೆಳಗಿನ ಹೆಜ್ಜೆ

ಬೈಲಪ್ಪ ಸ್ಕೂಲು ಬಿಟ್ಟದ್ದು ಏಳನೇ ಕ್ಲಾಸಿನಲ್ಲಿ. ಆದರೂ ತಿಲಕ್ ನಗರದ ಅವರ ಬೀದಿಯಲ್ಲಿ ಅವನಷ್ಟು ಪುಸ್ತಕ ಓದಿದ ಇನ್ನೊಬ್ಬ ಇರಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೆಯಲ್ಲಿ ವೆಂಕಟಾಚಲ ಅನ್ನುವವರು ಬಾಡಿಗೆ ಲೈಬ್ರರಿ ಇಟ್ಟಿದ್ದರು. ಅಲ್ಲಿ ಇವನಿಗೆ ಬೈಂಡಿಂಗ್ ಕೆಲಸ. ಹೊಸ ಕಾದಂಬರಿ ಹತ್ತು ಕೈ ಬದಲಾಗುವಷ್ಟರಲ್ಲಿ ಹಾಳೆ ಹಾಳೆಯಾಗಿ ಉದುರುತ್ತದೆ. ಅದಕ್ಕೇ ಬಂದ ಕೂಡಲೇ ಅದರ ಬೆನ್ನು ಕಿತ್ತು, ದಬ್ಬಳದಲ್ಲಿ ತೂತು ಹಾಕಿ, ದಾರದಲ್ಲಿ ಹೊಲಿದು, ರಟ್ಟು ಅಂಟಿಸಬೇಕು. ಜಯನಗರದ ಸಾರ್‌ಗಳು, ಮೇಡಂಗಳು ಹೆಸರು ಬರೆಸಿ ಕಾಯುವ ಪುಸ್ತಕವನ್ನು ಅವರಿಗಿಂತ ಮೊದಲು ಓದಿ ಮುಗಿಸುತ್ತಿದ್ದವನು ಮೈದಾ ಅಂಟಿನ ಕೈಯ ಬೈಲಪ್ಪ. ಬದುಕಿನಲ್ಲಿ ಅವನು ಯಾರಿಗಿಂತಲಾದರೂ ಮುಂದೆ ಇದ್ದದ್ದು ಅದೊಂದರಲ್ಲೇ.

ಅದರಲ್ಲೂ ‘ಕೊಲೆ ವಿಭಾಗ ಮಾಲೆ’ ಅಂದರೆ ಜೀವ. ತಿಂಗಳಿಗೊಂದು ಪುಸ್ತಕ, ಪುಸ್ತಕಕ್ಕೆ ಕಮ್ಮಿಯೆಂದರೆ ಎರಡು ಹೆಣ. ಇನ್‌ಸ್ಪೆಕ್ಟರ್ ಪರಂತಪ, ಅವನ ಕೈಕೆಳಗಿನ ಶೇಖರ, ಇಬ್ಬರೂ ಕೊಲೆಗಾರನ ಬೆನ್ನು ಹತ್ತಿದರೆಂದರೆ ಊಟ ನಿದ್ದೆ ಇಲ್ಲ. ಉದುರಿದ ಗುಂಡಿ, ಸಿಗರೇಟಿನ ತುಂಡು, ಒದ್ದೆ ಮಣ್ಣಿನಲ್ಲೊಂದು ಹೆಜ್ಜೆ ಸಿಕ್ಕರೆ ಸಾಕು, ಪರಂತಪ ಪಾತಾಳಕ್ಕಿಳಿದಾದರೂ ಹಿಡಿದು ತರುತ್ತಿದ್ದ. ಸತ್ತವರ ಮನೆಯವರು ಒಂದು ಅರ್ಜಿ ಬರೆಯಬೇಕಾಗಿರಲಿಲ್ಲ, ಒಂದು ಬಾಗಿಲು ತಟ್ಟಬೇಕಾಗಿರಲಿಲ್ಲ. ಅವನೇ ಬರುತ್ತಿದ್ದ.

ಹೊಲಿಯುವುದಕ್ಕೆಂದು ಮನೆಗೆ ತಂದ ಪುಸ್ತಕವನ್ನು ಬೈಲಪ್ಪ ಸಂಜೆ ಹೊತ್ತು ಅಣ್ಣ ಮುನಿಯಣ್ಣನಿಗೆ, ಅವ್ವ ಯಲ್ಲಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಮುನಿಯಣ್ಣ ಒಳಚರಂಡಿಗೆ ಕಾಲುವೆ ತೋಡುವ ಕೂಲಿ. ಗೋಡೆಗೊರಗಿ ಬೀಡಿ ಹಚ್ಚಿ ಕೂತರೆ, ಮೂರನೇ ಅಧ್ಯಾಯ ಮುಗಿಯುವಷ್ಟರಲ್ಲಿ ಅವನ ತೀರ್ಪು ಬರುತ್ತಿತ್ತು. ಪ್ರತಿ ಸಲವೂ ಅದೇ ತೀರ್ಪು.

“ಮನೆ ಯಜಮಾನನೇ ಕಣ್ಲಾ.”

“ಅಲ್ಲ ಕಣಣ್ಣ, ಸತ್ತಿರೋದು ಅವನ ಹೆಂಡ್ತಿ. ಕಂಪ್ಲೇಂಟು ಕೊಟ್ಟಿರೋದೂ ಅವನೇ.”

“ಕೊಡ್ಲಿ. ಮನೆ ಅವನ್ದು, ನಾಯಿ ಅವನ್ದು, ಬೀಗ ಅವನ್ದು. ಇನ್ಯಾವನು ಬಂದು ಸಾಯಿಸ್ತಾನೆ?”

“ನಿನಗೆ ತಲೆ ಇಲ್ಲ. ನಲವತ್ತು ಪುಸ್ತಕದಲ್ಲಿ ಒಂದ್ ಸಲನಾದ್ರೂ ನೀನು ಹೇಳಿದ್ದು ಸರಿ ಹೋಗೈತಾ?”

“ಆಯ್ತಪ್ಪ, ತಲೆ ನಿನಗೈತಲ್ಲ, ನೀನೇ ಹೇಳು. ಆ ನಲವತ್ತರಾಗೆ ನಮ್ಮಂಥ ಕೂಲಿಯವನು ಒಬ್ನಾದ್ರೂ ಸತ್ತಿದ್ನಾ?”

“ಕೂಲಿಯವನು ಸತ್ರೆ ಯಾರು ಓದ್ತಾರೆ?” ಅಂದ ಬೈಲಪ್ಪ. ಯಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮುನಿಯಣ್ಣನೂ ನಕ್ಕ.

ಅದು ಎಪ್ಪತ್ತೊಂಬತ್ತನೇ ಇಸವಿಯ ಒಂದು ಮಂಗಳವಾರ. ನಲವತ್ತೊಂದನೇ ಪುಸ್ತಕ ಅರ್ಧಕ್ಕೆ ಬಂದಿತ್ತು. ಅವತ್ತು ಕೆಲಸ ಮುಗಿಸಿ ಬರುವಾಗ ಬೈಲಪ್ಪ ಸೈಕಲ್ಲಿನಲ್ಲಿ, ಅಣ್ಣ ಕಾಲುವೆ ತೋಡುತ್ತಿದ್ದ ಜೆ.ಪಿ. ನಗರದ ಕಡೆಯಿಂದ ಸುತ್ತಿ ಬಂದಿದ್ದ. ಅಲ್ಲಿ ಟೀ ಅಂಗಡಿ ಮುಂದೆ ಅಣ್ಣನೂ, ಅವನ ಜೊತೆ ಕೆಲಸ ಮಾಡುವ ಪಾಪಯ್ಯನೂ ಒಬ್ಬರ ಕಾಲರ್ ಒಬ್ಬರು ಹಿಡಿದುಕೊಂಡಿದ್ದು ದೂರದಿಂದ ಕಂಡಿತ್ತು. ಮನೆಯಲ್ಲಿ ಕೇಳಿದ. ಮುನಿಯಣ್ಣ, “ಕೆಲಸದ ವಿಷ್ಯ. ಆಮೇಲ್ ಹೇಳ್ತೀನಿ. ನೀನು ಓದು,” ಅಂದ. ಬೈಲಪ್ಪನಿಗೂ ಓದುವ ಅವಸರ. ಮತ್ತೆ ಕೇಳಲಿಲ್ಲ.

ಬುಧವಾರ ಬೆಳಗ್ಗೆ ಎಂಟಕ್ಕೆಲ್ಲ ಕೆಲಸದವನೊಬ್ಬ ಓಡಿ ಬಂದ. ಕಾಲುವೆಯ ಗೋಡೆ ಕುಸಿದಿತ್ತು. ಎರಡಾಳು ಆಳದ ಕಾಲುವೆ. ಬೇರೆಯವರು ಬರುವುದಕ್ಕೆ ಮುಂಚೆ ಒಸರಿದ ನೀರು ಎತ್ತಿ ಹಾಕೋಣವೆಂದು ಮುನಿಯಣ್ಣ ಒಬ್ಬನೇ ಇಳಿದಿದ್ದ. ಮಣ್ಣು ತೆಗೆದು ಮೇಲಕ್ಕೆ ಎಳೆದುಕೊಳ್ಳುವ ಹೊತ್ತಿಗೆ ಏನೂ ಉಳಿದಿರಲಿಲ್ಲ.

ಬೈಲಪ್ಪ ಹೋದಾಗ ಅಣ್ಣನನ್ನು ಗೋಣಿತಾಟಿನ ಮೇಲೆ ಮಲಗಿಸಿದ್ದರು. ತಲೆಯ ಹಿಂಭಾಗದಲ್ಲಿ ಗಾಯ. ಯಲ್ಲಮ್ಮ ಮಗನ ಎದೆ ಮೇಲೆ ಬಿದ್ದು ಬಾಯಿ ಬಾಯಿ ಬಡಿದುಕೊಂಡಳು. ಬೈಲಪ್ಪ ಅಳಲಿಲ್ಲ. ಗಾಯ ನೋಡಿದ್ದೇ ತಡ, ಅವನ ತಲೆಯೊಳಗೆ ಪರಂತಪ ಎದ್ದು ನಿಂತಿದ್ದ. “ಯಾರೂ ಏನೂ ಮುಟ್ಟಬೇಡಿ,” ಅಂದ. ಅವ್ವನ ರಟ್ಟೆ ಹಿಡಿದು ಅಣ್ಣನ ಮೈಮೇಲಿಂದ ಎಳೆದ. “ನೀನೂ ಮುಟ್ಟಬೇಡ ಕಣವ್ವ, ಗುರುತು ಅಳಿಸೋಯ್ತದೆ.” ಹೆತ್ತವಳು ಮಗನನ್ನು ಮುಟ್ಟಿದರೆ ಗುರುತು ಅಳಿಸಿಹೋಗುತ್ತದಂತೆ. ಅವನು ಓದಿದ್ದು ಅದು.

ಕಾಲುವೆಯ ಅಂಚಿನಲ್ಲಿ ಮೆತ್ತನೆ ಮಣ್ಣು. ಅದರ ಮೇಲೆ ಅಚ್ಚೊತ್ತಿದ ಹಾಗೆ ಒಂದು ಎಡಗಾಲಿನ ಹೆಜ್ಜೆ, ನಾಲ್ಕೇ ಬೆರಳು. ಕಿರುಬೆರಳಿಲ್ಲದ ಎಡಗಾಲು ಆ ಸೈಟಿನಲ್ಲಿ ಯಾರದೆಂದು ಎಲ್ಲರಿಗೂ ಗೊತ್ತು. ಚಿಕ್ಕಂದಿನಲ್ಲಿ ಕಲ್ಲು ಬಿದ್ದು ಪಾಪಯ್ಯನ ಬೆರಳು ಹೋಗಿತ್ತು. ಬೈಲಪ್ಪ ಮಣ್ಣು ಹೊರುವ ಬಾಂಡ್ಲಿಯೊಂದನ್ನು ತಂದು ಹೆಜ್ಜೆಯ ಮೇಲೆ ಕವುಚಿ ಹಾಕಿದ. ಮೇಲೊಂದು ಕಲ್ಲಿಟ್ಟ. ಪಕ್ಕದಲ್ಲೇ ಕಾವಲು ಕೂತ.

ಸ್ವಲ್ಪ ಹೊತ್ತಿಗೆ ಪಾಪಯ್ಯನೇ ಹತ್ತಿರ ಬಂದ. ಮುಖ ಬೂದಿಯಾಗಿತ್ತು. “ಬೈಲಪ್ಪ, ನಿನ್ ಹತ್ರ ಒಂದ್ ಮಾತು ಹೇಳ್ಬೇಕಿತ್ತು ಕಣೋ.”

“ಪೊಲೀಸು ಬರ್ಲಿ,” ಅಂದ ಬೈಲಪ್ಪ, ಮುಖ ತಿರುಗಿಸಿ.

“ಅವ್ರು ಬರೋಕ್ ಮುಂಚೇನೇ. ಇಲ್ಲಿ ಇಷ್ಟು ಜನ ಇದ್ದಾರೆ, ಎಲ್ರ ಮುಂದೇನೇ ಹೇಳ್ತೀನಿ.”

“ಬರ್ಲಿ ಅಂದ್ನಲ್ಲ.”

ಅನುಮಾನ ಇರುವವನ ಹತ್ತಿರ ಪರಂತಪ ಯಾವತ್ತೂ ಮೊದಲೇ ಬಾಯಿ ಬಿಡುತ್ತಿರಲಿಲ್ಲ. ಪಾಪಯ್ಯ ನಿಂತ, ನಿಂತ, ಆಮೇಲೆ ಹೋಗಿ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ.

ಮಧ್ಯಾಹ್ನಕ್ಕೆ ಜೀಪು ಬಂತು. ಜೊತೆಗೆ ಕಂಟ್ರಾಕ್ಟರ್ ಬೋರಣ್ಣ. ಅದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವನದು. ಲೇಔಟ್ ಬಂದ ಮೇಲೆ ಲಾರಿ ತಗೊಂಡು ಕಂಟ್ರಾಕ್ಟರ್ ಆಗಿದ್ದ. ಜೀಪಿನಿಂದಿಳಿಯುವಾಗ ಬೋರಣ್ಣನ ತುಟಿ ಒಣಗಿತ್ತು, ಟವೆಲ್ಲಿನಲ್ಲಿ ಕತ್ತು ಒರೆಸುತ್ತಲೇ ಇದ್ದ. ಅದೂ ಒಂದು ಗುರುತೇ. ಬೈಲಪ್ಪನ ಕಣ್ಣಿಗೆ ಅದು ಬೀಳಲಿಲ್ಲ. ಅವನ ಕಣ್ಣೆಲ್ಲ ಬಾಂಡ್ಲಿ ಮೇಲಿತ್ತು.

“ಸಾರ್, ಇಲ್ಲಿ ನೋಡಿ,” ಅಂತ ಬಾಂಡ್ಲಿ ಎತ್ತಿದ. ನಿನ್ನೆಯ ಕಾಲರ್ ಜಗಳ ಹೇಳಿದ. ಬೆರಳಿನ ಲೆಕ್ಕ ಹೇಳಿದ. ಸಬ್ ಇನ್‌ಸ್ಪೆಕ್ಟರು ಬಗ್ಗಲಿಲ್ಲ, ಅಳೆಯಲಿಲ್ಲ. ಬೂಟಿನ ತುದಿಯಿಂದ ಹೆಜ್ಜೆಯ ಹಿಮ್ಮಡಿ ಮುಟ್ಟಿ, “ಯಾವನೋ ಅವನು?” ಅಂದ.

ಬೋರಣ್ಣನ ಮುಖಕ್ಕೆ ಆಗ ರಕ್ತ ಬಂತು. “ಹೌದು ಸಾರ್, ನಿನ್ನೆ ಇಬ್ರೂ ಹೊಡೆದಾಡ್ಕೊಂಡ್ರು. ನಾನೇ ಬಿಡಿಸ್ದೆ.” ಅಂದವನು ಬೈಲಪ್ಪನ ಹೆಗಲ ಮೇಲೆ ಕೈ ಹಾಕಿದ. “ಓದ್ಕೊಂಡಿರೋ ಹುಡುಗ ಅಂದ್ರೆ ಹಿಂಗಿರ್ಬೇಕು.”

ಅವನ ಹೆಗಲ ಮೇಲೆ ಅಂಥವರ ಕೈ ಯಾವತ್ತೂ ಬಿದ್ದಿರಲಿಲ್ಲ. ಬೋರಣ್ಣನ ಮನೆ ಮುಂದೆ ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ನಡೆದದ್ದನ್ನು ಬೈಲಪ್ಪ ಕಂಡಿದ್ದ. ಹತ್ತು ಮಾರು ದೂರದಲ್ಲಿ ಅಣ್ಣನ ಹೆಣ ಬಿದ್ದಿದೆ, ಆದರೂ ಅವನ ಎದೆ ಒಂದು ಗಳಿಗೆ ಉಬ್ಬಿತು. ಪಾಪಯ್ಯನನ್ನು ಕತ್ತು ಹಿಡಿದು ಜೀಪಿಗೆ ದಬ್ಬಿದಾಗ, ಸಿಕ್ಕಿಬಿದ್ದ ನನ್ಮಗ, ಅಂದುಕೊಂಡ.

ಆರನೇ ದಿನ ಸ್ಟೇಷನ್ನಿಗೆ ಹೋದರೆ ಪಾಪಯ್ಯನನ್ನು ಬಿಟ್ಟು ಕಳಿಸಿದ್ದರು. ಕಾಗದ ಬರೆಯುತ್ತಿದ್ದ ಪೇದೆ ತಲೆ ಎತ್ತದೆ ಹೇಳಿದ: “ಡಾಕ್ಟರ್ ರಿಪೋರ್ಟ್ ಬಂತು. ಮಣ್ಣು ಕುಸಿದು ಉಸಿರು ಕಟ್ಟಿ ಸತ್ತಿದ್ದಾನೆ. ತಲೆಗೆ ಮಣ್ಣಲ್ಲಿದ್ದ ಕಲ್ಲು ತಾಗಿದೆ. ಆಕಸ್ಮಿಕ. ಫೈಲ್ ಕ್ಲೋಸು.”

“ಹೆಜ್ಜೆ ಇತ್ತಲ್ಲ ಸಾರ್?”

“ಕೆಲಸ ಮಾಡೋ ಜಾಗದಲ್ಲಿ ಕೆಲಸದವನ ಹೆಜ್ಜೆ ಇಲ್ದೆ ಇನ್ಯಾರ್ದಿರುತ್ತೆ, ನಿಮ್ಮಪ್ಪಂದಾ?”

ಬೈಲಪ್ಪ ಅಲ್ಲಿಂದ ನೇರವಾಗಿ ಅರೆಕೆರೆಗೆ ಸೈಕಲ್ ತುಳಿದ. ಬಿಟ್ಟು ಕಳಿಸಿದರೇನಂತೆ, ಪಾಪಯ್ಯನಿಗೆ ಏನೋ ಗೊತ್ತಿದೆ, ಬಾಯಿ ಬಿಡಿಸುತ್ತೇನೆ ಅಂತಲೇ ಹೋದ. ಗುಡಿಸಲ ಬಾಗಿಲಲ್ಲಿ ಪಾಪಯ್ಯನ ಹೆಂಡತಿ ರುದ್ರಮ್ಮ ಮೊರ ಹಿಡಿದು ಕೂತಿದ್ದಳು.

“ಬಾ, ಪತ್ತೇದಾರಪ್ಪ,” ಅಂದಳು. “ಇನ್ನೊಂದು ಕಾಲು ಬಾಕಿ ಐತೆ. ಅದ್ರಾಗೆ ಐದೂ ಬೆರಳೈತೆ, ಎಣಿಸ್ಕೊಂಡ್ ಹೋಗು.”

ಪಾಪಯ್ಯ ಚಾಪೆ ಮೇಲೆ ಮಲಗಿದ್ದ. ಎರಡೂ ಅಂಗಾಲು ಊದಿ ಕಪ್ಪಗಾಗಿದ್ದವು. ಅರಿಶಿನ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದಳು. ಬೈಲಪ್ಪ ಬಾಗಿಲಲ್ಲೇ ನಿಂತ. ಪಾಪಯ್ಯನೇ ಸೂರು ನೋಡುತ್ತ ಮಾತಾಡಿದ.

“ಗೋಡೆ ಕುಸೀಬಾರ್ದು ಅಂತ ಎರಡೂ ಕಡೆ ಹಲಗೆ ಕೊಟ್ಟು, ಮಧ್ಯ ಸರ್ವೆ ಮರದ ಕಂಬ ಬಿಗಿದಿದ್ವಿ. ನಾನೂ ನಿಮ್ಮಣ್ಣನೂ ಸೇರಿ ಬಿಗಿದಿದ್ದು. ಮಂಗಳವಾರ ಸಾಯಂಕಾಲ ಬೋರಣ್ಣ ಲಾರಿ ತಂದ. ಬನಶಂಕರಿ ಸೈಟಲ್ಲಿ ತಾರಸಿ ಮೋಲ್ಡ್ ಹಾಕ್ಬೇಕು, ಕಂಬ ಸಾಲ್ತಿಲ್ಲ, ಇವನ್ನ ಕೀಳು ಅಂದ. ನಿಮ್ಮಣ್ಣ ಬ್ಯಾಡ ಅಂದ. ಬೋರಣ್ಣ ನನ್ನ ನೋಡ್ದ. ನಾನು ಕಿತ್ತೆ. ಅದ್ಕೇ ಮುನಿಯ ನನ್ ಕಾಲರ್ ಹಿಡ್ಕೊಂಡ. ಆದ್ರೂ ದಿನದ ಕೂಲಿ ಹೋಗ್ಬಾರ್ದು ಅಂತ ಬೆಳಗ್ಗೆ ಇಳಿದ. ಕಿತ್ತು ಲಾರಿಗೆ ಹಾಕುವಾಗ ಮೂಡಿದ ಹೆಜ್ಜೆ ಅದು.”

ರುದ್ರಮ್ಮನ ಮೊರ ನಿಂತಿತ್ತು.

“ಅವತ್ತು ಅದನ್ನೇ ಹೇಳಕ್ ಬಂದೆ,” ಅಂದ ಪಾಪಯ್ಯ. “ಕೆಲಸ ಹೋದ್ರೆ ಹೋಗ್ಲಿ, ಎಲ್ರ ಮುಂದೆ ಹೇಳ್ಬಿಡಾಣ ಅಂತ ಗಟ್ಟಿ ಮಾಡ್ಕೊಂಡ್ ಬಂದಿದ್ದೆ. ಅಷ್ಟು ಧೈರ್ಯ ನನಗೆ ಹುಟ್ಟಿದಾಗ್ನಿಂದ ಬಂದಿದ್ದು ಅದೊಂದೇ ಸಲ.”

“ಈಗ ಹೇಳಣ್ಣ,” ಅಂದ ಬೈಲಪ್ಪ. “ದೊಡ್ಡ ಆಫೀಸರ್ ಹತ್ರ ಹೋಗಾಣ. ನಾನೇ ಬರೀತೀನಿ.”

“ನಾನಾಗ್ಲೇ ಸೈನ್ ಹಾಕಾಯ್ತು. ಕಂಬ ಎಲ್ಲಾ ಇದ್ದಂಗೇ ಇದ್ವು, ಮಣ್ಣಿನ ಜೊತೆ ಮುರ್ಕೊಂಡ್ ಬಿದ್ವು ಅಂತ. ಹಾಕ್ದಿದ್ರೆ ಕೊಲೆ ಕೇಸು ನನ್ ಮೇಲೇ ಅಂದ್ರು.” ಈಗ ಮಾತ್ರ ಅವನು ಬೈಲಪ್ಪನ ಮುಖ ನೋಡಿದ. “ಆ ಕೇಸು ಅವ್ರಿಗೆ ಎಲ್ಲಿಂದ ಬಂತು, ಬೈಲಪ್ಪ?”

ವಾಪಸ್ಸು ಬರುವಾಗ ಬೈಲಪ್ಪ ಬನಶಂಕರಿ ಸೈಟಿನ ಮುಂದೆ ಸೈಕಲ್ ನಿಲ್ಲಿಸಿದ. ಹಸಿ ತಾರಸಿಯ ಕೆಳಗೆ ಸರ್ವೆ ಕಂಬಗಳು ಸಾಲಾಗಿ ನಿಂತಿದ್ದವು. ಕೆಲವುಗಳ ತುದಿಯಲ್ಲಿ ಕಾಲುವೆಯ ಕೆಮ್ಮಣ್ಣು ಇನ್ನೂ ಅಂಟಿಕೊಂಡಿತ್ತು. ಬಚ್ಚಿಟ್ಟಿರಲಿಲ್ಲ, ತೊಳೆದಿರಲಿಲ್ಲ. ರಸ್ತೆಯಲ್ಲಿ ಹೋಗುವ ಯಾರಿಗೆ ಬೇಕಾದರೂ ಕಾಣುವ ಹಾಗೆ ನಿಂತಿದ್ದವು. ಪರಂತಪನ ಕೊಲೆಗಾರರೆಲ್ಲ ಸತ್ತವರನ್ನು ದ್ವೇಷಿಸುತ್ತಿದ್ದರು, ರಾತ್ರಿಯೆಲ್ಲ ಕೂತು ಸಂಚು ಮಾಡುತ್ತಿದ್ದರು. ಬೋರಣ್ಣನಿಗೆ ಮುನಿಯಣ್ಣನ ಮೇಲೆ ದ್ವೇಷ ಎಲ್ಲಿಯದು? ದ್ವೇಷಿಸುವಷ್ಟು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕಂಬ ಸಾಲದೆ ಬಂದಿತ್ತು, ಅಷ್ಟೇ. ಅಂಥ ಕೊಲೆಯನ್ನು ನಲವತ್ತು ಪುಸ್ತಕದಲ್ಲಿ ಒಬ್ಬನೂ ಬರೆದಿರಲಿಲ್ಲ. ನೋಡಿದ ಒಬ್ಬನೇ ಒಬ್ಬ ಸಾಕ್ಷಿಯ ಬಾಯನ್ನು ಬಾಂಡ್ಲಿ ಕವುಚಿ ಮುಚ್ಚಿದವನು ತಾನು.

ಭಾನುವಾರ ವೆಂಕಟಾಚಲ ಹೇಳಿ ಕಳಿಸಿದರು: ನಲವತ್ತೊಂದನೇದು ಎಲ್ಲಿ, ಚೂಡಾಮಣಿ ಮೇಡಂ ಮೂರು ಸಲ ಬಂದು ಹೋದರು. ಬೈಲಪ್ಪ ಬಾಗಿಲ ಬೆಳಕಿಗೆ ಕೂತು ಹಾಳೆ ಜೋಡಿಸಿದ. ಯಲ್ಲಮ್ಮ ಗೋಡೆಗೊರಗಿದ್ದಳು, ಮುನಿಯಣ್ಣ ಒರಗುತ್ತಿದ್ದ ಜಾಗದಲ್ಲೇ. ಮಗನನ್ನು ಮುಟ್ಟಲು ಬಿಡಲಿಲ್ಲವೆಂದು ಅವಳು ಒಂದು ಮಾತೂ ಆಡಿರಲಿಲ್ಲ. ಬೇರೆ ಮಾತೂ ಆಡಿರಲಿಲ್ಲ.

“ಅದು ಅವತ್ತು ಓದ್ತಿದ್ದದ್ದಲ್ವಾ?” ಅಂದಳು.

“ಹೂಂ.”

“ಅವನು ಹೇಳಿದ್ದು ಸರೀನಾ, ನೋಡು.”

ಬೈಲಪ್ಪ ಕೊನೆಯ ಅಧ್ಯಾಯ ತಿರುಗಿಸಿದ. ಹೂವಿನ ಪಾತಿಯ ಒದ್ದೆ ಮಣ್ಣಿನಲ್ಲಿ ಸಿಕ್ಕ ಹೆಜ್ಜೆಯನ್ನು ಪರಂತಪ ಟೇಪು ಹಿಡಿದು ಅಳೆದಿದ್ದ. ತೋಟದ ಮಾಲಿಯ ಕೈಗೆ ಕೋಳ ಬಿದ್ದಿತ್ತು. ಯಜಮಾನ ಪರಂತಪನ ಕೈ ಕುಲುಕಿ ಕಾಫಿ ತರಿಸಿದ್ದ.

“ಸರಿ ಕಣವ್ವ,” ಅಂದ ಬೈಲಪ್ಪ. “ಯಜಮಾನನೇ.”

ಯಲ್ಲಮ್ಮನ ಮುಖದಲ್ಲಿ ಹನ್ನೊಂದು ದಿನದ ಮೇಲೆ ಏನೋ ಅಲುಗಿತು. “ನೋಡ್ದಾ. ತಲೆ ಇಲ್ಲ ಅಂತಿದ್ದೆ.” ಆಮೇಲೆ ಕೇಳಿದಳು, “ಹಿಡಿದ್ರಾ ಅವನ್ನ?”

ಬೈಲಪ್ಪ ಹಾಳೆಗಳನ್ನು ಮೊಣಕಾಲಿನ ಮೇಲೆ ಕುಟ್ಟಿ ಸಮ ಮಾಡಿಕೊಂಡ. ದಬ್ಬಳ ಇಟ್ಟು ಒತ್ತಿದ. ಅದು ನೂರಾ ಅರವತ್ತು ಪುಟ ದಾಟಿ ಆ ಕಡೆ ಬಂತು.

“ಇಲ್ಲ,” ಅಂದ.