ಐದನೇ ನಂಬರಿನ ಸ್ಕೇಟ್ಸ್

ಸರಸ್ವತಿಪುರಂನ ಅಂಗಡಿಯಲ್ಲಿ ಸಂಘಮಿತ್ರ ಒಂದೇ ಸಾಲಿನಲ್ಲಿ ಗಾಲಿಗಳಿರುವ, ಮೂರನೇ ನಂಬರಿನ ಇನ್‌ಲೈನ್ ಸ್ಕೇಟ್ಸ್ ಹಾಕಿಕೊಂಡು ಎದ್ದು ನಿಂತಳು. ಹೆಬ್ಬೆರಳು ಬೂಟಿನ ತುದಿಗೆ ತಾಕಿಯೂ ತಾಕದಂತಿತ್ತು. ಹಿಮ್ಮಡಿ ಅಲುಗಲಿಲ್ಲ. ಕೋಚ್ ಅಕ್ಷತಾ ಹೇಳಿದ್ದು ಹೀಗೆಯೇ ಇರಬೇಕೆಂದು.

"ಇದೇ ಅಪ್ಪ."

ಪ್ರಸನ್ನ ಬಗ್ಗಿ ಬೂಟಿನ ಮೂತಿಯನ್ನು ಒತ್ತಿ ನೋಡಿದ. ಪ್ರತಿ ಜೂನ್‌ನಲ್ಲಿ ಮಗಳಿಗೆ ಸ್ಕೂಲ್ ಶೂ ಕೊಡಿಸುವಾಗಲೂ ಹೀಗೇ ಒತ್ತುತ್ತಿದ್ದ. ಮುಂದೆ ಜಾಗ ಉಳಿಯಬೇಕು, ಅದಕ್ಕೆ ಹತ್ತಿ ತುರುಕಬೇಕು. ಅವರ ಬೀದಿಯ ಎಲ್ಲ ಮಕ್ಕಳ ಶೂ ಒಳಗೂ ಹತ್ತಿ ಇರುತ್ತಿತ್ತು.

"ಐದು ಕೊಡಿ."

ಅಂಗಡಿಯ ವಿಶ್ವನಾಥ್ ನಕ್ಕರು. "ಮಗೂಗೋ ಸಾರ್, ನಿಮ್ಗೋ?"

"ಬೆಳೆಯೋ ಕಾಲು ಕಣ್ರೀ. ವರ್ಷಕ್ಕೊಂದ್ ಜೊತೆ ನೀವ್ ಕೊಡ್ಸ್ತೀರಾ?"

"ಲೂಸಾದ್ರೆ ಕಾಲು ಒಳಗೇ ತಿರುಚ್ಕೊಳತ್ತೆ."

"ನನ್ ಕಾಲು ಎಂಟು. ಫ್ಯಾಕ್ಟ್ರೀಲಿ ಒಂಬತ್ತು ಕೊಡ್ತಾರೆ. ಎರಡ್ ಸಾಕ್ಸ್ ಹಾಕ್ಕೊಂಡು ಇಡೀ ಶಿಫ್ಟ್ ನಿಂತಿರ್ತೀನಲ್ವಾ?"

ಮೇಟಗಳ್ಳಿಯ ಆ ಫ್ಯಾಕ್ಟರಿಯಲ್ಲಿ ಸ್ಟೋರ್‌ನವರು ಕೈಗೆ ಸಿಕ್ಕ ಸೈಜಿನ ಸೇಫ್ಟಿ ಶೂ ಎಸೆಯುತ್ತಿದ್ದರು. ಬದಲಾಯಿಸಿಕೊಡಿ ಎಂದವನಿಗೆ, "ಓ, ಮಹಾರಾಜ್ರು ಬಂದ್ರು" ಎನ್ನುತ್ತಿದ್ದರು. ಆಮೇಲೆ ಯಾರೂ ಕೇಳುತ್ತಿರಲಿಲ್ಲ.

ವಿಶ್ವನಾಥ್ ಐದು ತಂದಿಟ್ಟರು. ಮಾರುವುದು ಅವರ ಕೆಲಸ.

ಭಾನುವಾರ ಜಿಲ್ಲಾ ಸ್ಕೇಟಿಂಗ್ ತಂಡದ ಆಯ್ಕೆ. ಸಂಘಮಿತ್ರ ಇಷ್ಟು ದಿನ ಓಡುತ್ತಿದ್ದದ್ದು ಸ್ಕೇಟಿಂಗ್ ಕ್ಲಾಸಿನ ಹಳೆಯ, ನಾಲ್ಕು ಮೂಲೆಗೆ ಗಾಲಿಯಿರುವ ಸ್ಕೇಟ್ಸಿನಲ್ಲಿ. ಆಯ್ಕೆಗೆ ಇನ್‌ಲೈನ್ ಇರಲೇಬೇಕು. ಬೂಟಿನೊಳಗೆ ತುರುಕಿದ ಹತ್ತಿ ನಿಲ್ಲಲಿಲ್ಲವೆಂದು ಮೂರು ಜೊತೆ ಸಾಕ್ಸ್ ಹಾಕಿಕೊಂಡು ಹೋದಳು.

"ಏನೇ, ದೋಣಿ ಹಾಕ್ಕೊಂಡ್ ಬಂದ್ಬುಟ್ಟಿದೀಯ!" ಎಂದಳು ಜೊತೆಯಲ್ಲಿ ಕಲಿಯುತ್ತಿದ್ದ ತನ್ಮಯಿ. ಎಲ್ಲರೂ ನಕ್ಕರು.

ಅಕ್ಷತಾ ಕುಕ್ಕರಗಾಲಲ್ಲಿ ಕೂತು ಹಿಮ್ಮಡಿಯ ಹಿಂದೆ ಬೆರಳು ತೂರಿಸಿದಳು. ಸಲೀಸಾಗಿ ಹೋಯಿತು. "ಇದ್ರಲ್ಲಿ ಬೇಡ. ಮುಂದಿನ ವರ್ಷ ನೋಡೋಣ."

"ಬಿಗಿಯಾಗಿ ಕಟ್ಟಿದೀನಿ ಮೇಡಂ," ಎಂದ ಟ್ರ್ಯಾಕಿನ ಬೇಲಿಯಾಚೆ ನಿಂತಿದ್ದ ಪ್ರಸನ್ನ. "ಡ್ಯೂಟಿ ಬಿಟ್ಟು ಬಂದಿದೀನಿ. ಓಡ್ತಾಳೆ ಬುಡಿ."

ಅಕ್ಷತಾ ಹುಡುಗಿಯ ಮುಖ ನೋಡಿದಳು. "ನೀನೇನ್ ಹೇಳ್ತೀಯ?"

ಮುಂದಿನ ವರ್ಷ ಎನ್ನುವುದು ಅವರ ಮನೆಯಲ್ಲಿ 'ಇಲ್ಲ' ಎನ್ನುವುದಕ್ಕೆ ಬಳಸುವ ಮಾತು. ಸಂಘಮಿತ್ರಳಿಗೆ ಅದು ಗೊತ್ತಿತ್ತು.

"ಆಗತ್ತೆ ಮೇಡಂ."

ಓಟ ಶುರುವಾದಾಗ ನೇರ ದಾರಿಯಲ್ಲಿ ಅವಳೇ ಮುಂದಿದ್ದಳು. ತಿರುವಿನಲ್ಲಿ ಬೂಟು ಒಂದು ಕಡೆ ಹೋಯಿತು, ಒಳಗಿದ್ದ ಪಾದ ಇನ್ನೊಂದು ಕಡೆ. ಮೂಳೆ ಮುರಿದ ಸದ್ದು ಬೇಲಿಯವರೆಗೂ ಕೇಳಿತು. ತನ್ಮಯಿ ಪಕ್ಕದಲ್ಲೇ ಹಾದು ಹೋದಳು; ಅವಳು ನಿಲ್ಲುವ ಹಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ಸುತ್ತಿ ಬಳಸದೆ ಹೇಳಿದರು: ಮೂಳೆ ಬೆಳೆಯುವ ಜಾಗದಲ್ಲೇ ಮುರಿದಿದೆ. ಈ ಕಾಲು ಬೆಳೆದರೂ ಬೆಳೆಯಬಹುದು, ನಿಂತರೂ ನಿಲ್ಲಬಹುದು. ಇನ್ನೊಂದು ಬೆಳೆಯುತ್ತದೆ.

ಸಂಜೆ ವಾರ್ಡಿನಲ್ಲಿ ಪ್ರಸನ್ನ ಅವಳ ಹಾಸಿಗೆಯ ಪಕ್ಕ ಕೂತ. ಬಹಳ ಹೊತ್ತು ಬ್ಯಾಂಡೇಜಿನ ಅಂಚು ಸರಿಪಡಿಸುತ್ತಿದ್ದ.

"ಮುಂದಿನ್ ಸಲ ನೀನ್ ಹೇಳಿದ್ ನಂಬರೇ ತರ್ತೀನಿ ಕಣಮ್ಮ."

"ಯಾವ ಕಾಲಿಂದು?" ಎಂದು ಕೇಳಿದಳು. ಅವಳು ಚುಚ್ಚಲೆಂದು ಕೇಳಿದ್ದಲ್ಲ.

ನರ್ಸ್ ಕರೆಯುತ್ತಿದ್ದಾರೆ ಎಂದು ಹೇಳಿ ಅವನು ಎದ್ದು ಹೊರಗೆ ಹೋದ. ಯಾರೂ ಕರೆದಿರಲಿಲ್ಲ.